ವೋಲ್ಟೇಜ್ ಹದಗೊಳಿಸಿ ವಿದ್ಯುತ್ ಉಳಿಸುವುದು: ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಮೂರು ಜಿಲ್ಲೆಗಳ ರೈತರು, ನೇಕಾರರು, ಗೃಹಿಣಿಯರು, ಪಾಲಿಟೆಕ್ನಿಕ್ ವಿದ್ಯಾರ್ಥಿಗಳು, ವೋಲ್ಟೇಜನ್ನು ನಿಯಮದ ಮಿತಿಯೊಳಗೇ ತುಸು ಇಳಿಸಿ ವಿದ್ಯುತ್ ಉಳಿಸುವ ವಿಧಾನದ ಬಗ್ಗೆ ಮಾತಿನಲ್ಲಿ, ಪತ್ರದಲ್ಲಿ, ಪ್ರತಿಕ್ರಿಯೆಗಳಲ್ಲಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಿದವರ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿದ್ದೇನೆ. ಸುಲಭದವು ಮೊದಲು, ತಾಂತ್ರಿಕವಾದವು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿದರೂ ಸಾಕು.

## ಮೊದಲ ತಿಳಿವಳಿಕೆ

ವೋಲ್ಟೇಜ್ ಇಳಿಸಿದರೆ ವಿದ್ಯುತ್ ಉಳಿಯುತ್ತದೆ ಎನ್ನುತ್ತೀರಿ. ನಮ್ಮಲ್ಲಿ ಮೊದಲೇ ವೋಲ್ಟೇಜ್ ಇಲ್ಲ, ಇನ್ನೇನು ಇಳಿಸುತ್ತೀರಿ?

ಅತಿ ಹೆಚ್ಚು ಬಾರಿ ಕೇಳಿದ ಪ್ರಶ್ನೆ ಇದೇ. ಕೇಳುವವರ ಸಿಟ್ಟಿನಲ್ಲಿ ನ್ಯಾಯವೂ ಇದೆ. ಘಟಪ್ರಭಾ ಕಾಲುವೆಯನ್ನು ನೆನೆಯಿರಿ. ತೂಬಿನ ಪಕ್ಕದ ಹೊಲದಲ್ಲಿ ನೀರು ನಿಂತು ಜವುಳು ಹಿಡಿದಿರುತ್ತದೆ, ಕೊನೆಯ ಭಾಗದ ರೈತನಿಗೆ ಕೆಸರು ಕೂಡ ತಲುಪಿರುವುದಿಲ್ಲ. ವಿದ್ಯುತ್ ಮಾರ್ಗದ ಕಥೆಯೂ ಹೀಗೆಯೇ. ಸಬ್‌ಸ್ಟೇಷನ್ನಿನ ಹತ್ತಿರದ ಮನೆಗೆ 245 ವೋಲ್ಟ್, ಅದೇ ಫೀಡರಿನ (ಸಬ್‌ಸ್ಟೇಷನ್ನಿನಿಂದ ಹೊರಡುವ ವಿದ್ಯುತ್ ಮಾರ್ಗದ) ತುದಿಯ ತೋಟಕ್ಕೆ 200 ವೋಲ್ಟ್. ತುದಿಯವನನ್ನು ಹೇಗಾದರೂ ಮೇಲೆತ್ತಬೇಕೆಂದು ಬುಡದಲ್ಲಿ ವೋಲ್ಟೇಜ್ ಏರಿಸಿ ಇಟ್ಟಿರುತ್ತಾರೆ. ಹತ್ತಿರದವರು ಬೇಡದ ವೋಲ್ಟೇಜಿನಲ್ಲಿ ವಿದ್ಯುತ್ ಪೋಲು ಮಾಡುತ್ತಾರೆ, ದೂರದವರ ಮೋಟರ್ ಸುಡುತ್ತದೆ.

ಆದ್ದರಿಂದ ಕೆಲಸದ ಕ್ರಮ ಹೀಗಿರಬೇಕು: ಮೊದಲು ಬುಡ ಮತ್ತು ತುದಿಯ ಅಂತರವನ್ನು ಕಡಿಮೆ ಮಾಡುವುದು, ಆಮೇಲೆ ಇಡೀ ಮಾರ್ಗವನ್ನು ಸ್ವಲ್ಪ ಕೆಳಗೆ ತರುವುದು. ಮೊದಲನೆಯದನ್ನು ಮಾಡದೆ ಎರಡನೆಯದಕ್ಕೆ ಕೈ ಹಾಕುವ ಯಾವ ಯೋಜನೆಯನ್ನೂ ನಮ್ಮ ಹಳ್ಳಿಗಳ ಮಟ್ಟಿಗೆ ನಾನು ಒಪ್ಪುವುದಿಲ್ಲ.

ಮನೆಗೆ ನಿಜವಾಗಿ ಎಷ್ಟು ವೋಲ್ಟೇಜ್ ಬರಬೇಕು?

ಸಿಂಗಲ್ ಫೇಸಿಗೆ 230 ವೋಲ್ಟ್, ಅದರಿಂದ ಶೇ 6ರಷ್ಟು ಮೇಲೆ ಅಥವಾ ಕೆಳಗೆ. ಅಂದರೆ 216ರಿಂದ 244ರವರೆಗೆ. ಮೂರು ಫೇಸಿಗೆ 400 ವೋಲ್ಟ್ ಎಂದು ಲೆಕ್ಕ. ಆದರೆ ಮೊದಲಿನ ಲೆಕ್ಕ 240 ಮತ್ತು 415 ಆಗಿದ್ದರಿಂದ ಹೆಚ್ಚಿನ ಮೋಟರುಗಳ ಫಲಕದ ಮೇಲೆ ಇಂದಿಗೂ 415 ಎಂದೇ ಬರೆದಿರುತ್ತದೆ. 11 ಕೆವಿ (11 ಸಾವಿರ ವೋಲ್ಟ್) ಮಾರ್ಗಕ್ಕೆ ಶೇ 6 ಮೇಲೆ, ಶೇ 9 ಕೆಳಗೆ ಹೋಗಲು ಅವಕಾಶವಿದೆ.

ವೋಲ್ಟೇಜ್ ಹದಗೊಳಿಸುವವರು ಬಳಸಿಕೊಳ್ಳುವುದು ಈ 216 ಮತ್ತು 244ರ ನಡುವಿನ ಜಾಗವನ್ನೇ. 242ರಲ್ಲಿ ಇರುವ ಮನೆಯನ್ನು 228ಕ್ಕೆ ತಂದರೆ ನಿಯಮ ಮುರಿದಂತಾಗುವುದಿಲ್ಲ, ದೀಪ ಮಂಕಾಗುವುದಿಲ್ಲ, ಮನೆಯವರಿಗೆ ಗೊತ್ತಾಗುವುದೂ ಇಲ್ಲ.

ವೋಲ್ಟೇಜ್ ಕಡಿಮೆಯಾದರೆ ಆಂಪಿಯರ್ ಹೆಚ್ಚಾಗುತ್ತದೆ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾನೆ. ಹಾಗಾದರೆ ಉಳಿಯುವುದು ಎಲ್ಲಿ?

ಎಲೆಕ್ಟ್ರಿಷಿಯನ್ ಹೇಳಿದ್ದು ಅರ್ಧ ನಿಜ. ಉಪಕರಣಗಳಲ್ಲಿ ಬೇರೆ ಬೇರೆ ಸ್ವಭಾವದವು ಇವೆ.

ಹಳೆಯ ಗಾಜಿನ ಬಲ್ಬು, ಕಾಯಿಲಿನ ಒಲೆ ಇಂಥವು ವೋಲ್ಟೇಜ್ ಇಳಿದಂತೆ ಆಂಪಿಯರನ್ನೂ ಇಳಿಸುತ್ತವೆ. 240ರಿಂದ 230ಕ್ಕೆ ಬಂದರೆ, ಅಂದರೆ ಶೇ 4ರಷ್ಟು ಇಳಿದರೆ, ಅವು ಎಳೆಯುವ ವ್ಯಾಟ್ ಶೇ 8ರವರೆಗೆ ಇಳಿಯುತ್ತದೆ. ಆದರೆ ಗೀಸರ್ ಮತ್ತು ಇಸ್ತ್ರಿಪೆಟ್ಟಿಗೆಗೆ ಥರ್ಮೋಸ್ಟ್ಯಾಟ್ ಇರುತ್ತದೆ. ಅವು ನಿಧಾನವಾಗಿ ಕಾದು, ಹೆಚ್ಚು ಹೊತ್ತು ಉರಿದು, ಅಷ್ಟೇ ಯೂನಿಟ್ ತಿನ್ನುತ್ತವೆ. ಅಲ್ಲಿ ಉಳಿತಾಯವಿಲ್ಲ.

ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಟಿವಿ, ಇನ್ವರ್ಟರ್ ಎಸಿ ಇಂಥವು ವೋಲ್ಟೇಜ್ ಎಷ್ಟೇ ಇದ್ದರೂ ತಮಗೆ ಬೇಕಾದ ವ್ಯಾಟನ್ನು ಎಳೆದೇ ತೀರುತ್ತವೆ. ವೋಲ್ಟೇಜ್ ಇಳಿದಾಗ ಆಂಪಿಯರ್ ಏರುವುದು ಇಲ್ಲಿ. ಎಲೆಕ್ಟ್ರಿಷಿಯನ್ನನ ಮಾತು ಇವುಗಳಿಗೆ ಪೂರ್ತಿ ಅನ್ವಯಿಸುತ್ತದೆ.

ಮೋಟರುಗಳದು ನಡುವಿನ ದಾರಿ. ತುಂಬು ಹೊರೆಯ ಮೋಟರ್ ವ್ಯಾಟ್ ಬಿಟ್ಟುಕೊಡುವುದಿಲ್ಲ. ಅರ್ಧ ಹೊರೆಯಲ್ಲಿ ಸುತ್ತುವ ಮೋಟರಿನ ಒಳಗಿನ ಕಬ್ಬಿಣದ ತಿರುಳು ಸುಮ್ಮನೆ ಬಿಸಿಯಾಗಿ ಕಳೆಯುವ ವಿದ್ಯುತ್ ಮಾತ್ರ ವೋಲ್ಟೇಜ್ ಇಳಿದಾಗ ಚೆನ್ನಾಗಿಯೇ ಇಳಿಯುತ್ತದೆ. ಸಾಮಾನ್ಯ ಫ್ಯಾನ್ ಕೂಡ ಕಡಿಮೆ ಎಳೆಯುತ್ತದೆ, ಗಾಳಿಯೂ ತುಸು ಕಡಿಮೆಯಾಗುತ್ತದೆ. ಇದರ ಜೊತೆಗೆ ಕಂಬದ ಮೇಲಿನ ಟಿಸಿಗಳ (ಟ್ರಾನ್ಸ್‌ಫಾರ್ಮರುಗಳ) ತಿರುಳಿನಲ್ಲಿ ಹಗಲೂ ರಾತ್ರಿ ಆಗುವ ನಷ್ಟವಿದೆ. ಊರೆಲ್ಲ ಮಲಗಿದ್ದರೂ ಅದು ನಿಲ್ಲುವುದಿಲ್ಲ, ವೋಲ್ಟೇಜ್ ಇಳಿದರೆ ಮಾತ್ರ ಇಳಿಯುತ್ತದೆ.

ಕೂಡಗಿ ಸ್ಥಾವರ ನಮ್ಮ ಕಣ್ಣೆದುರೇ ಇದೆ, ಆಲಮಟ್ಟಿ ಪಕ್ಕದಲ್ಲೇ ಇದೆ. ಆದರೂ ನಮ್ಮ ಊರಿಗೆ ವೋಲ್ಟೇಜ್ ಏಕೆ ಇಲ್ಲ?

ಕೂಡಗಿಯ ಸ್ಥಾಪಿತ ಸಾಮರ್ಥ್ಯ 2,400 ಮೆಗಾವ್ಯಾಟ್, ಆಲಮಟ್ಟಿಯದು 290. ಆದರೆ ಅಲ್ಲಿ ಹುಟ್ಟಿದ ವಿದ್ಯುತ್ ಪಕ್ಕದ ಊರಿಗೆ ನೇರವಾಗಿ ಇಳಿಯುವುದಿಲ್ಲ. ಅದು ದೊಡ್ಡ ವೋಲ್ಟೇಜಿನ ಜಾಲವನ್ನು ಸೇರಿ, ನಿಮ್ಮ ಸಬ್‌ಸ್ಟೇಷನ್ನಿಗೆ ಬಂದು, ಅಲ್ಲಿಂದ 11 ಕೆವಿ ಫೀಡರ್, ಟಿಸಿ, ಕಂಬದ ತಂತಿ ದಾಟಿ ಮನೆ ತಲುಪುತ್ತದೆ. ನಿಮ್ಮ ವೋಲ್ಟೇಜನ್ನು ನಿರ್ಧರಿಸುವುದು ಈ ಕೊನೆಯ ಹತ್ತಾರು ಕಿಲೋಮೀಟರಿನ ತಂತಿಯ ದಪ್ಪ, ಉದ್ದ ಮತ್ತು ಅದರ ಮೇಲಿನ ಹೊರೆ. ಸ್ಥಾವರದ ಚಿಮಣಿ ಕಾಣುವ ಹಳ್ಳಿಯಲ್ಲೂ ಪಂಪ್ ಏಳದಿರುವುದು ಇದೇ ಕಾರಣಕ್ಕೆ.

## ಮನೆ ಮತ್ತು ಬಿಲ್ಲು

ಇದರಿಂದ ನನ್ನ ಬಿಲ್ಲು ಎಷ್ಟು ಕಡಿಮೆಯಾಗುತ್ತದೆ?

ಹೆಚ್ಚಿಲ್ಲ. ವೋಲ್ಟೇಜ್ ಶೇ 4ರಷ್ಟು ಇಳಿದರೆ ಸಾಮಾನ್ಯ ಮನೆಯ ಬಳಕೆ ಶೇ 2ರಿಂದ 3ರಷ್ಟು ಇಳಿಯಬಹುದು. ತಿಂಗಳಿಗೆ 150 ಯೂನಿಟ್ ಬಳಸುವವರಿಗೆ ಮೂರೋ ನಾಲ್ಕೋ ಯೂನಿಟ್. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಪಡೆಯುವವರಿಗೆ ಅದು ಕಾಣುವುದೂ ಇಲ್ಲ. ಈ ವಿಧಾನದ ಸೊಗಸು ಒಂದು ಮನೆಯಲ್ಲಿ ಇಲ್ಲ. ಯಾರೂ ಬಲ್ಬು ಬದಲಿಸದೆ, ಸ್ವಿಚ್ ಆರಿಸದೆ, ಸಬ್‌ಸ್ಟೇಷನ್ನಿನಲ್ಲಿ ಮಾಡಿದ ಒಂದು ಕೆಲಸದಿಂದ ಸಾವಿರಾರು ಮನೆಗಳ ಮೂರು ನಾಲ್ಕು ಯೂನಿಟ್ ಒಟ್ಟಿಗೆ ಉಳಿಯುವುದರಲ್ಲಿ ಇದೆ.

ಮನೆಗೆ ಸ್ಟೆಬಿಲೈಜರ್ ಹಾಕಿಸಿದರೆ ಸಾಕಲ್ಲವೇ?

ನಿಮ್ಮ ಒಬ್ಬರ ಫ್ರಿಜ್ ಉಳಿಯಲು ಸಾಕು. ಆದರೆ ಸ್ಟೆಬಿಲೈಜರ್ ವೋಲ್ಟೇಜನ್ನು ಸೃಷ್ಟಿಸುವುದಿಲ್ಲ. ತಂತಿಯಿಂದ ಹೆಚ್ಚು ಆಂಪಿಯರ್ ಎಳೆದು ಆ ಕೊರತೆಯನ್ನು ತುಂಬಿಸುತ್ತದೆ. ಓಣಿಯ ತುದಿಯಲ್ಲಿ ಹತ್ತು ಮನೆಯವರು ಹೀಗೆ ಎಳೆದರೆ ಹನ್ನೊಂದನೆಯವರ ವೋಲ್ಟೇಜ್ ಇನ್ನೂ ಕುಸಿಯುತ್ತದೆ, ಅವರೂ ಸ್ಟೆಬಿಲೈಜರ್ ಅಂಗಡಿಗೆ ಹೋಗುತ್ತಾರೆ. ಸ್ಟೆಬಿಲೈಜರ್ ತಾನೂ ಒಂದಿಷ್ಟು ವಿದ್ಯುತ್ ತಿನ್ನುತ್ತದೆ. ಇಡೀ ಓಣಿಯಲ್ಲಿ ಸ್ಟೆಬಿಲೈಜರ್ ಗುಂಯ್‌ಗುಡುತ್ತಿದ್ದರೆ ಆ ಟಿಸಿಯ ಹೊರೆಯನ್ನು ಪರೀಕ್ಷಿಸುವಂತೆ ಎಲ್ಲರೂ ಸೇರಿ ಅರ್ಜಿ ಕೊಡುವುದು ಮೇಲು.

ಪ್ಲಗ್ಗಿಗೆ ಸಿಕ್ಕಿಸುವ 'ಪವರ್ ಸೇವರ್' ಡಬ್ಬಿ ಶೇ 30 ಬಿಲ್ ಉಳಿಸುತ್ತದಂತೆ, ನಿಜವೇ?

ಇಲ್ಲ. ಅವುಗಳ ಒಳಗೆ ಹೆಚ್ಚೆಂದರೆ ಒಂದು ಪುಟ್ಟ ಕೆಪಾಸಿಟರ್ ಮತ್ತು ಮಿನುಗುವ ದೀಪ ಇರುತ್ತದೆ. ಮನೆಯ ಬಿಲ್ಲು ಕಿಲೊವ್ಯಾಟ್ ಗಂಟೆಯ ಮೇಲೆ ಬರುತ್ತದೆ. ಕೆಪಾಸಿಟರ್ ಅದನ್ನು ಕಡಿಮೆ ಮಾಡುವುದಿಲ್ಲ. ಹಣ ಉಳಿಸಿಕೊಳ್ಳಿ.

## ಹೊಲ ಮತ್ತು ಪಂಪ್‌ಸೆಟ್

ಬೇಸಿಗೆ ಬಂತೆಂದರೆ ಮೋಟರ್ ಸುಡುತ್ತದೆ. ರಿವೈಂಡಿಂಗ್ ಅಂಗಡಿಯವನು ವೋಲ್ಟೇಜ್ ಎನ್ನುತ್ತಾನೆ, ಲೈನ್‌ಮ್ಯಾನ್ ನಿಮ್ಮ ಮೋಟರೇ ಸರಿಯಿಲ್ಲ ಎನ್ನುತ್ತಾನೆ. ಯಾರನ್ನು ನಂಬಬೇಕು?

ಕೃಷಿ ಪಂಪಿನ ಮೋಟರುಗಳಿಗೆ ಇರುವ ಭಾರತೀಯ ಮಾನಕದ ಪ್ರಕಾರ ಅವು ಶೇ 6 ಮೇಲಿನಿಂದ ಶೇ 15 ಕೆಳಗಿನವರೆಗಿನ ವೋಲ್ಟೇಜನ್ನು ತಾಳಬೇಕು. 415ರ ಮೋಟರ್ 353 ವೋಲ್ಟ್‌ವರೆಗೆ ನಡೆಯಬೇಕು ಎಂದಾಯಿತು. ಅದಕ್ಕಿಂತ ಕೆಳಗೆ ಅದು ಆಂಪಿಯರ್ ಏರಿಸುತ್ತ, ಬಿಸಿಯಾಗುತ್ತ, ಕೊನೆಗೆ ಸುರುಳಿಯ ನಿರೋಧಕ ಲೇಪ ಸುಟ್ಟು ನಿಲ್ಲುತ್ತದೆ. ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ ಎಂಬುದನ್ನೂ ನೆನಪಿಡಿ. ವೋಲ್ಟೇಜ್ ಶೇ 20 ಇಳಿದರೆ ತಿರುಗುಬಲದಲ್ಲಿ ಉಳಿಯುವುದು ಶೇ 64 ಮಾತ್ರ. ಅಂಥ ಮೋಟರ್ ಏಳಲಾರದೆ ಮುಲುಗುತ್ತಲೇ ಸುಡುತ್ತದೆ.

ಇನ್ನೊಂದು ಕಾರಣದ ಬಗ್ಗೆ ಯಾರೂ ಮಾತನಾಡುವುದಿಲ್ಲ: ಮೂರು ಫೇಸುಗಳ ನಡುವಿನ ಅಸಮತೋಲನ. ಒಂದು ಫೇಸಿನಲ್ಲಿ ಮನೆಗಳ ಹೊರೆಯೆಲ್ಲ ಬಿದ್ದಿದ್ದರೆ ಅಥವಾ ಕಂಡೆನ್ಸರ್ ಹಾಕಿ ಎರಡೇ ಫೇಸಿನಲ್ಲಿ ಯಾರೋ ಪಂಪ್ ಓಡಿಸುತ್ತಿದ್ದರೆ ಮೂರೂ ಫೇಸುಗಳ ವೋಲ್ಟೇಜ್ ಸಮವಾಗಿ ಉಳಿಯುವುದಿಲ್ಲ. ಎಂಜಿನಿಯರುಗಳ ರೂಢಿಯ ಲೆಕ್ಕವೊಂದಿದೆ. ಅಸಮತೋಲನದ ಶೇಕಡಾ ಪ್ರಮಾಣವನ್ನು ಅದರಿಂದಲೇ ಗುಣಿಸಿ ಎರಡರಷ್ಟು ಮಾಡಿ, ಮೋಟರಿನ ಶಾಖ ಶೇಕಡಾ ಅಷ್ಟು ಹೆಚ್ಚುತ್ತದೆ. ಶೇ 3 ಅಸಮತೋಲನವಿದ್ದರೆ ಶಾಖ ಶೇ 18 ಹೆಚ್ಚು. ಆದ್ದರಿಂದ ಸ್ಟಾರ್ಟರಿನಲ್ಲಿ ಒಂದೇ ವೋಲ್ಟ್ ಮೀಟರ್ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಮೂರೂ ಜೋಡಿಗಳನ್ನು ಅಳೆಯಿಸಿ. ಹಲವು ಬಾರಿ ರಿವೈಂಡ್ ಆದ ಮೋಟರ್ ಮೊದಲೇ ದುರ್ಬಲವಾಗಿರುತ್ತದೆ, ಹಾಗಾಗಿ ಲೈನ್‌ಮ್ಯಾನ್ ಹೇಳುವುದೂ ಪೂರ್ತಿ ಸುಳ್ಳಲ್ಲ.

ನಮ್ಮ ಟಿಸಿಯ ಹತ್ತಿರ ವೋಲ್ಟೇಜ್ ಇರುತ್ತದೆ, ಕಡೆಯ ಪಂಪಿಗೆ ಹೋಗುವಷ್ಟರಲ್ಲಿ ಎಲ್ಲಿ ಹೋಗುತ್ತದೆ? ಲೆಕ್ಕ ಹಾಕಿ ತೋರಿಸಿ.

ತೋರಿಸುತ್ತೇನೆ. 63 ಕೆವಿಎ ಸಾಮರ್ಥ್ಯದ ಟಿಸಿ, ಅದರ ಮೇಲೆ ತುಂಬು ಹೊರೆಯ 5 ಎಚ್‌ಪಿಯ ಹತ್ತು ಪಂಪುಗಳು, ಅರ್ಧ ಕಿಲೋಮೀಟರ್ ಉದ್ದಕ್ಕೆ ಸಮನಾಗಿ ಹರಡಿವೆ, ತಂತಿ 'ವೀಸಲ್' ಎಂಬ ತೆಳು ಬಗೆಯದು ಎಂದುಕೊಳ್ಳಿ. ನಮ್ಮ ಕಬ್ಬಿನ ಸೀಮೆಯಲ್ಲಿ ಇದು ಅಪರೂಪದ ಚಿತ್ರವಲ್ಲ.

ಹೊರೆಯಿಲ್ಲದಾಗ ಟಿಸಿ ಒಂದು ಫೇಸಿಗೆ 250 ವೋಲ್ಟ್ ಕೊಡುತ್ತದೆ, ಆದರೆ 11 ಕೆವಿ ಪೂರ್ತಿ ಬಂದಾಗ ಮಾತ್ರ. ಉದ್ದನೆಯ ಫೀಡರಿನಲ್ಲಿ ಟಿಸಿಗೆ 10.2 ಕೆವಿ ಸಿಕ್ಕಿತು ಎನ್ನಿ. ಅದು ನಿಯಮದ ಮಿತಿಯ ಒಳಗೇ ಇದೆ. ಆದರೂ 250 ಇದ್ದದ್ದು 232 ಆಯಿತು. ಹತ್ತೂ ಪಂಪು ಎದ್ದಾಗ ಟಿಸಿಯ ಒಳಗೆ ಸುಮಾರು 9 ವೋಲ್ಟ್ ಬೀಳುತ್ತದೆ, ಉಳಿದದ್ದು 223. ಒಂದು ಪಂಪಿಗೆ 8 ಆಂಪಿಯರಿನಂತೆ 80 ಆಂಪಿಯರ್ ತಂತಿಯಲ್ಲಿ ಹೊರಟು ದಾರಿಯುದ್ದಕ್ಕೂ ಹಂಚಿಹೋಗುವಾಗ ತುದಿಯವರೆಗೆ ಇನ್ನೂ 18ರಿಂದ 19 ವೋಲ್ಟ್ ಬೀಳುತ್ತದೆ. ಕಡೆಯ ಪಂಪಿಗೆ ದೊರೆತದ್ದು 204. ಮೂರು ಫೇಸಿನ ಲೆಕ್ಕದಲ್ಲಿ (1.73ರಿಂದ ಗುಣಿಸಿದರೆ) ಅದು 353 ವೋಲ್ಟ್, ಮೋಟರ್ ತಾಳಬೇಕಾದ ಕಟ್ಟಕಡೆಯ ಗೆರೆ. ಇನ್ನೊಬ್ಬರು ಹನ್ನೊಂದನೆಯ ಪಂಪ್ ಕೂಡಿಸಿದರೆ ಗೆರೆ ದಾಟಿತು.

ಈ ಹೊತ್ತಿನಲ್ಲಿ ಟಿಸಿಯಿಂದಾಚೆಯ ತಂತಿಯಲ್ಲೇ ಸುಮಾರು 3 ಕಿಲೊವ್ಯಾಟ್ ಶಾಖವಾಗಿ ಹೋಗುತ್ತಿರುತ್ತದೆ. ಅಷ್ಟರಲ್ಲಿ ಒಂದು 3 ಎಚ್‌ಪಿ ಪಂಪ್ ಓಡಿಸಬಹುದಿತ್ತು. 63ರ ಬದಲು 25 ಕೆವಿಎಯ ಸಣ್ಣ ಟಿಸಿಗಳನ್ನು ಹೊಲಗಳ ಹತ್ತಿರವೇ ನಿಲ್ಲಿಸಿ 11 ಕೆವಿ ತಂತಿಯನ್ನು ಒಳಕ್ಕೆ ಒಯ್ಯುವ ಪದ್ಧತಿ ಬಂದದ್ದು ಈ ಲೆಕ್ಕದಿಂದಲೇ. ವೋಲ್ಟೇಜ್ ಹೆಚ್ಚಿದ್ದಷ್ಟೂ ಅದೇ ಕೆಲಸಕ್ಕೆ ಆಂಪಿಯರ್ ಕಡಿಮೆ ಸಾಕು, ತಂತಿಯ ನಷ್ಟವೂ ಕಡಿಮೆ. ಒಂದು ಟಿಸಿಗೆ ಮೂರು ನಾಲ್ಕು ರೈತರಷ್ಟೇ ಇದ್ದರೆ ಅದನ್ನು ತಮ್ಮದೆಂದು ನೋಡಿಕೊಳ್ಳುತ್ತಾರೆ, ಕೊಕ್ಕೆ ಹಾಕುವವರನ್ನೂ ತಾವೇ ತಡೆಯುತ್ತಾರೆ.

ಪಂಪಿಗೆ ಕೆಪಾಸಿಟರ್ ಹಾಕಿಸಿ ಎಂದು ಹೇಳುತ್ತಲೇ ಇರುತ್ತಾರೆ. ಹಾಕಿಸಿದರೆ ವೋಲ್ಟೇಜ್ ಏರುತ್ತದೆಯೇ?

ಏರುತ್ತದೆ, ಆದರೆ ನೀವು ನಿರೀಕ್ಷಿಸುವಷ್ಟಲ್ಲ. ಮೋಟರ್ ತನ್ನ ಕಾಂತಕ್ಷೇತ್ರ ಕಟ್ಟಿಕೊಳ್ಳಲು ಕೆಲಸಕ್ಕೆ ಬಾರದ ಒಂದಿಷ್ಟು ಆಂಪಿಯರನ್ನು ತಂತಿಯಲ್ಲಿ ಹಿಂದೆ ಮುಂದೆ ಓಡಾಡಿಸುತ್ತದೆ. ಕೆಪಾಸಿಟರ್ ಅದನ್ನು ಮೋಟರಿನ ಪಕ್ಕದಲ್ಲೇ ಪೂರೈಸುತ್ತದೆ. ಪವರ್ ಫ್ಯಾಕ್ಟರ್ (ಎಳೆದ ಆಂಪಿಯರಿನಲ್ಲಿ ಕೆಲಸಕ್ಕೆ ಬರುವ ಪಾಲು) 0.8ರಿಂದ 0.95ಕ್ಕೆ ಏರಿದರೆ ಆಂಪಿಯರ್ ಶೇ 16ರಷ್ಟು, ತಂತಿಯ ನಷ್ಟ ಶೇ 29ರಷ್ಟು ಇಳಿಯುತ್ತದೆ. ಮೇಲಿನ ಉದಾಹರಣೆಯ 3 ಕಿಲೊವ್ಯಾಟ್ ನಷ್ಟ 2.1ಕ್ಕೆ ಬರುತ್ತದೆ. ತುದಿಯ ವೋಲ್ಟೇಜ್ ಮಾತ್ರ ಕಂಬದ ತಂತಿಯಲ್ಲಿ ಎರಡು ವೋಲ್ಟ್‌ನಷ್ಟು ಸುಧಾರಿಸಬಹುದು. ಟಿಸಿಯಲ್ಲಿ ಮತ್ತು 11 ಕೆವಿ ಮಾರ್ಗದಲ್ಲಿ ಇನ್ನಷ್ಟು ಲಾಭ ಸಿಗುತ್ತದೆ. ಅದು ಸಿಗಬೇಕಾದರೆ ಫೀಡರಿನ ಬಹುಪಾಲು ರೈತರು ಹಾಕಿಸಬೇಕು.

5 ಎಚ್‌ಪಿಗೆ ಸಾಮಾನ್ಯವಾಗಿ 2 ಕೆವಿಎಆರ್ (ಕೆಪಾಸಿಟರಿನ ಅಳತೆ) ಸಾಮರ್ಥ್ಯದ್ದು ಸಾಕು. ಅದನ್ನು ಮೋಟರಿನ ಜೊತೆಗೇ ಆನ್ ಆಗಿ ಜೊತೆಗೇ ಆಫ್ ಆಗುವಂತೆ ಸ್ಟಾರ್ಟರಿನ ಆಚೆ ಜೋಡಿಸಬೇಕು. ಎರಡು ಫೇಸಿನಲ್ಲಿ ಪಂಪ್ ಓಡಿಸಲು ಹಾಕುವ ಕಂಡೆನ್ಸರ್ ಬೇರೆ, ಇದು ಬೇರೆ. ಮೊದಲನೆಯದು ಜಾಲಕ್ಕೆ ಪೀಡೆ, ಎರಡನೆಯದು ಮದ್ದು.

ಆಟೊ ಸ್ಟಾರ್ಟರ್ ತೆಗೆಯಿರಿ ಎನ್ನುತ್ತಾರೆ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದರೆ ನಾವು ಹಾವು ಚೇಳಿನ ನಡುವೆ ಹೊಲಕ್ಕೆ ಹೋಗಬೇಕೆ?

ಹೋಗಬೇಕೆಂದು ಹೇಳುವ ಮನಸ್ಸು ನನಗಿಲ್ಲ. ಆದರೆ ವಿದ್ಯುತ್ ಬಂದ ಕ್ಷಣದಲ್ಲೇ ಹತ್ತು ಮೋಟರುಗಳು ಒಟ್ಟಿಗೆ ಏಳಲು ಹೊರಟರೆ ಏನಾಗುತ್ತದೆ ನೋಡಿ. ನೇರವಾಗಿ ಏಳುವ ಮೋಟರ್ ಆ ಹೊತ್ತಿಗೆ ತನ್ನ ಸಾಮಾನ್ಯ ಆಂಪಿಯರಿನ ಐದಾರು ಪಟ್ಟು ಎಳೆಯುತ್ತದೆ. ವೋಲ್ಟೇಜ್ ನೆಲ ಕಚ್ಚುತ್ತದೆ, ಯಾವ ಮೋಟರೂ ಪೂರ್ತಿ ವೇಗಕ್ಕೆ ಬರುವುದಿಲ್ಲ, ಟಿಸಿಯ ಫ್ಯೂಸ್ ಅಥವಾ ಟಿಸಿಯೇ ಹೋಗುತ್ತದೆ. ಮಧ್ಯದ ದಾರಿಯೆಂದರೆ ತಡಮಾಡಿ ಏಳಿಸುವ ಟೈಮರ್. ಒಂದೇ ಟಿಸಿಯ ರೈತರು ಕೂತು ಮಾತಾಡಿ, ಒಬ್ಬೊಬ್ಬರದು ಒಂದೊಂದು ನಿಮಿಷ ಬಿಟ್ಟು ಏಳುವಂತೆ ಹೊಂದಿಸಿಕೊಂಡರೆ ಆಯಿತು. ತ್ರೀ ಫೇಸನ್ನು ಹಗಲಿನಲ್ಲೇ ಕೊಡಬೇಕೆಂಬ ರೈತರ ಬೇಡಿಕೆಗೆ ನನ್ನ ಪೂರ್ಣ ಒಪ್ಪಿಗೆಯಿದೆ.

10 ಎಚ್‌ಪಿವರೆಗೆ ವಿದ್ಯುತ್ ಉಚಿತ. ಉಳಿಸಿದರೆ ನಮಗೇನು ಬಂತು?

ಯೂನಿಟ್ ಲೆಕ್ಕದಲ್ಲಿ ಏನೂ ಬರುವುದಿಲ್ಲ. ಪಂಪಿನ ಮೋಟರ್ ತುಂಬು ಹೊರೆಯದು, ಅದರ ವೋಲ್ಟೇಜನ್ನು ಇಳಿಸಿ ಉಳಿಸುವುದಕ್ಕೂ ಅಲ್ಲಿ ಹೆಚ್ಚಿಗೆ ಏನೂ ಇಲ್ಲ. ನಿಮಗೆ ಬರುವುದು ನೀರಿನ ಮತ್ತು ರಿಪೇರಿಯ ಲೆಕ್ಕದಲ್ಲಿ. ಸರಿಯಾದ ವೋಲ್ಟೇಜಿನಲ್ಲಿ ಪಂಪ್ ಸರಿಯಾದ ವೇಗದಲ್ಲಿ ಸುತ್ತಿ, ಸಿಗುವ ಏಳು ಗಂಟೆಯಲ್ಲಿ ಹೆಚ್ಚು ನೀರು ಎತ್ತುತ್ತದೆ. ಇಂಡಿಯ ನಿಂಬೆ ತೋಟದಲ್ಲೋ ತಿಕೋಟಾದ ದ್ರಾಕ್ಷಿಯಲ್ಲೋ ಕೊಳವೆಬಾವಿ ನೂರಾರು ಅಡಿ ಆಳದ್ದು. ಅಷ್ಟು ಆಳದಿಂದ ಎತ್ತುವಾಗ ವೇಗ ತುಸು ಇಳಿದರೂ ಮೇಲೆ ಬರುವ ನೀರು ಬಹಳ ಇಳಿಯುತ್ತದೆ. ಸುಟ್ಟ ಮೋಟರನ್ನು ಮೇಲೆತ್ತಿ, ರಿವೈಂಡ್ ಮಾಡಿಸಿ, ಮತ್ತೆ ಇಳಿಸುವ ಖರ್ಚು ಎಷ್ಟೆಂದು ನಿಮಗೇ ಗೊತ್ತು.

## ಮಗ್ಗ ಮತ್ತು ಕಾರ್ಖಾನೆ

ರಬಕವಿ–ಬನಹಟ್ಟಿಯಲ್ಲಿ ನಮ್ಮದು ವಿದ್ಯುತ್ ಮಗ್ಗ. ವೋಲ್ಟೇಜ್ ಇಳಿಸಿದರೆ ಮಗ್ಗ ನಿಧಾನವಾಗಿ ನೇಯ್ಗೆ ಕಡಿಮೆಯಾಗುವುದಿಲ್ಲವೇ?

ಮಿತಿಯೊಳಗೆ ಇಳಿಸಿದರೆ ಗಮನಕ್ಕೆ ಬರುವಷ್ಟು ಆಗುವುದಿಲ್ಲ. ಮಗ್ಗದ ಮೋಟರಿನ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ವಿದ್ಯುತ್ತಿನ ಆವರ್ತನ, ಅಂದರೆ 50 ಹರ್ಟ್ಜ್. ವೋಲ್ಟೇಜಿನಿಂದ ಬದಲಾಗುವುದು ಅದರ ಜಾರಿಕೆ, ಅಂದರೆ ಆ ವೇಗಕ್ಕಿಂತ ಹಿಂದೆ ಬೀಳುವ ಪ್ರಮಾಣ, ಮಾತ್ರ. ಶೇ 5ರಷ್ಟು ಜಾರುವ ಮೋಟರ್ ವೋಲ್ಟೇಜ್ ಶೇ 4 ಇಳಿದಾಗ ಶೇ 5.4ರಷ್ಟು ಜಾರಬಹುದು. ಸಾವಿರ ಹೊಡೆತಕ್ಕೆ ನಾಲ್ಕು ಕಡಿಮೆ. ನೂಲು ಒಮ್ಮೆ ತುಂಡಾಗಿ ಮಗ್ಗ ನಿಂತರೆ ಅದಕ್ಕಿಂತ ಹೆಚ್ಚು ಹೊಡೆತ ಹೋಗುತ್ತದೆ.

ಮಗ್ಗದ ಮೋಟರ್ ಬಹಳಷ್ಟು ಹೊತ್ತು ತನ್ನ ಪೂರ್ಣ ಶಕ್ತಿಗಿಂತ ಕಡಿಮೆ ಹೊರೆಯಲ್ಲೇ ಸುತ್ತುತ್ತಿದ್ದರೆ ತಿರುಳಿನ ನಷ್ಟ ಇಳಿದು ಉಳಿತಾಯ ನಿಜವಾಗಿ ಕಾಣಿಸುತ್ತದೆ. ನನ್ನನ್ನು ಕೇಳಿದರೆ ನೇಕಾರರ ಓಣಿಯ ಫೀಡರುಗಳು ಈ ಪ್ರಯೋಗಕ್ಕೆ ಹೇಳಿ ಮಾಡಿಸಿದಂಥವು: ಮಾರ್ಗ ಗಿಡ್ಡ, ಮನೆಗಳು ಒತ್ತಾಗಿವೆ, ಹೊರೆ ದಿನವಿಡೀ ಹೆಚ್ಚು ಏರಿಳಿಯುವುದಿಲ್ಲ.

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ಫೌಂಡ್ರಿ ಇದೆ. ನಮಗೂ ಅನ್ವಯಿಸುತ್ತದೆಯೇ?

ಇಂಡಕ್ಷನ್ ಫರ್ನೇಸಿಗೆ ಅಷ್ಟಾಗಿ ಇಲ್ಲ. ಅದರ ಎಲೆಕ್ಟ್ರಾನಿಕ್ ನಿಯಂತ್ರಣ ತನಗೆ ಬೇಕಾದ ಶಕ್ತಿಯನ್ನು ಎಳೆದುಕೊಳ್ಳುತ್ತದೆ. ಲೋಹ ಕರಗಲು ಬೇಕಾದ ಶಾಖವೂ ಬದಲಾಗುವುದಿಲ್ಲ. ಆದರೆ ನೀವು ಎಚ್‌ಟಿ (ಹೆಚ್ಚು ವೋಲ್ಟೇಜಿನ ಸಂಪರ್ಕದ) ಗ್ರಾಹಕರು, ಟ್ರಾನ್ಸ್‌ಫಾರ್ಮರ್ ನಿಮ್ಮದೇ. ಅದರ ಟ್ಯಾಪ್ (ಹೊರಬರುವ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಹೊಂದಿಸುವ ಸಾಧನ) ಹಿಂದೆಂದೋ ವೋಲ್ಟೇಜ್ ಕಡಿಮೆ ಇದ್ದ ಕಾಲದಲ್ಲಿ ಏರಿಸಿಟ್ಟದ್ದು ಹಾಗೆಯೇ ಉಳಿದಿರಬಹುದು. ರಜೆಯ ದಿನ ಮತ್ತು ರಾತ್ರಿ 430ಕ್ಕಿಂತ ಮೇಲೆ ಇರುತ್ತದೆಯೇ ಎಂದು ಒಂದು ವಾರ ದಾಖಲಿಸಿ ನೋಡಿ. ಇದ್ದರೆ, ಪರವಾನಗಿ ಪಡೆದ ಗುತ್ತಿಗೆದಾರರನ್ನು ಕರೆಸಿ, ವಿದ್ಯುತ್ ಪೂರ್ತಿ ಕಡಿದು ಟ್ಯಾಪ್ ಬದಲಿಸಿ. ಕಂಪ್ರೆಸರ್, ಬ್ಲೋವರ್, ಮರಳು ಮಿಶ್ರಣದ ಯಂತ್ರಗಳು ಹಗುರಾಗಿ ಓಡುವ ಹೊತ್ತಿನಲ್ಲಿ ಒಂದಿಷ್ಟು ಉಳಿಯುತ್ತದೆ.

## ವಿದ್ಯಾರ್ಥಿಗಳು ಮತ್ತು ಎಂಜಿನಿಯರುಗಳು ಕೇಳಿದವು

ವೋಲ್ಟೇಜನ್ನು ನಿಜವಾಗಿ ಎಲ್ಲಿ, ಯಾವುದನ್ನು ತಿರುಗಿಸಿ ಇಳಿಸುತ್ತಾರೆ?

ಸಬ್‌ಸ್ಟೇಷನ್ನಿನ ದೊಡ್ಡ ಟ್ರಾನ್ಸ್‌ಫಾರ್ಮರಿನಲ್ಲಿ, ಹೊರೆ ಇರುವಾಗಲೇ ಟ್ಯಾಪ್ ಬದಲಿಸುವ ಸಾಧನದಿಂದ. ಒಂದೊಂದು ಮೆಟ್ಟಿಲು ಸಾಮಾನ್ಯವಾಗಿ ಶೇ 1.25. ಮೂರು ಮೆಟ್ಟಿಲು ಇಳಿದರೆ ಶೇ 4ರ ಹತ್ತಿರ. ಕಂಬದ ಮೇಲಿನ ಸಣ್ಣ ಟಿಸಿಗಳಲ್ಲಿ ಹೆಚ್ಚಾಗಿ ಟ್ಯಾಪ್ ಇರುವುದೇ ಇಲ್ಲ, ಇದ್ದರೂ ವಿದ್ಯುತ್ ಕಡಿದೇ ಬದಲಿಸಬೇಕು. ರೈತರು ತಾವೇ ಟಿಸಿ ಕಂಬ ಹತ್ತುವ ಯೋಚನೆಯನ್ನೂ ಮಾಡಬಾರದು. ದೂರು ಕೊಡಲು 1912 ಇದೆ.

ಟ್ಯಾಪ್ ಒಂದರಿಂದಲೇ ಕೆಲಸ ಮುಗಿಯುವುದಿಲ್ಲ. ಫೀಡರಿನ ನಡುವೆ ಕೆಪಾಸಿಟರ್ ಬ್ಯಾಂಕ್ ಇಟ್ಟು, ಹೊರೆ ಏರಿದಾಗ ಜೋಡಿಸಿ, ಇಳಿದಾಗ ಬಿಡಿಸಿದರೆ ಬುಡ ಮತ್ತು ತುದಿಯ ಅಂತರ ಕುಗ್ಗುತ್ತದೆ. ಅಂತರ ಕುಗ್ಗಿದಷ್ಟೂ ಟ್ಯಾಪ್ ಇಳಿಸಲು ಜಾಗ ಸಿಗುತ್ತದೆ. ಎರಡನ್ನೂ ಒಟ್ಟಿಗೆ ನಡೆಸುವುದಕ್ಕೆ ವೋಲ್ಟ್–ವಾರ್ ನಿಯಂತ್ರಣ ಎನ್ನುತ್ತಾರೆ. ವಾರ್ ಎಂದರೆ ಕಾಂತಕ್ಷೇತ್ರಕ್ಕಾಗಿ ತಂತಿಯಲ್ಲಿ ಹಿಂದೆ ಮುಂದೆ ಓಡಾಡುವ ವಿದ್ಯುತ್ತಿನ ಅಳತೆ. ತುದಿಯ ಕೆಲವು ಮೀಟರುಗಳಿಂದ ಕ್ಷಣಕ್ಷಣದ ವೋಲ್ಟೇಜ್ ತಿಳಿಯುವಂತಿದ್ದರೆ ಧೈರ್ಯವಾಗಿ ಕೆಳಮಿತಿಯ ಹತ್ತಿರ ನಡೆಸಬಹುದು. ತುದಿ ಕಾಣದೆ ಬುಡದಲ್ಲಿ ಕೂತು ಊಹೆಯ ಮೇಲೆ ನಡೆಸುವುದಾದರೆ ಸುರಕ್ಷೆಗೆಂದು ನಾಲ್ಕಾರು ವೋಲ್ಟ್ ಮೇಲೆಯೇ ಇಡಬೇಕಾಗುತ್ತದೆ.

ನಮ್ಮಲ್ಲಿ ಋತುವಿನ ಗೊಡವೆಯೂ ಇದೆ. ಮಳೆ ಹಿಡಿದ ರಾತ್ರಿ ಪಂಪುಗಳೆಲ್ಲ ನಿಂತು ವೋಲ್ಟೇಜ್ ಮೇಲೇರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಅದೇ ಫೀಡರ್ ನೆಲ ಹಿಡಿಯುತ್ತದೆ. ವರ್ಷಕ್ಕೊಮ್ಮೆ ಹೊಂದಿಸಿ ಮರೆತುಬಿಡುವ ಟ್ಯಾಪ್ ಎರಡೂ ಕಾಲಕ್ಕೆ ತಪ್ಪಾಗಿರುತ್ತದೆ.

ಸಿವಿಆರ್ (ಉಳಿತಾಯಕ್ಕಾಗಿ ವೋಲ್ಟೇಜ್ ಇಳಿಸುವುದು) ಫ್ಯಾಕ್ಟರ್ ಎಂದರೇನು? ಹೊರದೇಶಗಳಲ್ಲಿ ಎಷ್ಟು ಉಳಿದಿದೆ?

ವೋಲ್ಟೇಜ್ ಶೇ 1 ಇಳಿಸಿದಾಗ ಬಳಕೆ ಶೇಕಡಾ ಎಷ್ಟು ಇಳಿಯಿತು ಎಂಬ ಅನುಪಾತ ಅದು. ಬೇರೆ ಬೇರೆ ಫೀಡರುಗಳಲ್ಲಿ ಸಾಮಾನ್ಯವಾಗಿ 0.4ರಿಂದ 1ರವರೆಗೆ ಸಿಗುತ್ತದೆ. ಅಮೆರಿಕದಲ್ಲಿ 1973ರ ತೈಲ ಬಿಕ್ಕಟ್ಟಿನ ಹೊತ್ತಿಗೆ ಈ ಪ್ರಯೋಗಗಳು ಆರಂಭವಾದವು. ಅಲ್ಲಿನ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯ 2010ರಲ್ಲಿ ಮಾಡಿದ ಅಂದಾಜಿನಂತೆ ಇಡೀ ದೇಶದ ವಿತರಣಾ ಫೀಡರುಗಳಿಗೆಲ್ಲ ಅಳವಡಿಸಿದರೆ ವಾರ್ಷಿಕ ಬಳಕೆ ಶೇ 3ರಷ್ಟು ಇಳಿಯುತ್ತದೆ. ಹೆಚ್ಚು ಫಲ ಕೊಡುವ ಶೇ 40ರಷ್ಟು ಫೀಡರುಗಳಿಗೆ ಮಾತ್ರ ಮಾಡಿದರೂ ಶೇ 2.4 ಸಿಗುತ್ತದೆ. ನನಗೆ ಮುಖ್ಯವೆನಿಸುವುದು ಈ ಎರಡನೆಯ ಅಂಕಿ. ಎಲ್ಲ ಕಡೆ ಮಾಡುವ ಹಟ ಬೇಕಿಲ್ಲ, ಆರಿಸಿ ಮಾಡಿದರೆ ಐದರಲ್ಲಿ ನಾಲ್ಕು ಪಾಲು ಕೈಗೆ ಬರುತ್ತದೆ.

ಆ ಅಂಕಿಗಳನ್ನು ನಮ್ಮಲ್ಲಿಗೆ ಹಾಗೆಯೇ ತಂದು ಅಂಟಿಸಬಾರದು. ಅಲ್ಲಿ ವೋಲ್ಟೇಜ್ ಮೊದಲೇ ಬಿಗಿಯಾದ ಮಿತಿಯೊಳಗೆ ಇತ್ತು. ಎಲ್‌ಇಡಿ, ಬಿಎಲ್‌ಡಿಸಿ (ಎಲೆಕ್ಟ್ರಾನಿಕ್ ನಿಯಂತ್ರಣದ) ಫ್ಯಾನ್, ಇನ್ವರ್ಟರ್ ಎಸಿ ಹೆಚ್ಚಿದಂತೆ ಈ ಅನುಪಾತ ಎಲ್ಲೆಡೆ ಇಳಿಯುವ ಕಡೆಗೇ ಹೋಗುತ್ತದೆ.

ಉಳಿತಾಯ ಆಗಿದೆ ಎಂದು ಹೇಗೆ ಸಾಬೀತು ಮಾಡುವುದು? ಹವಾಮಾನ ಬದಲಾದರೂ ಬಳಕೆ ಬದಲಾಗುತ್ತದಲ್ಲ?

ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಮಾರ್ಚ್‌ನ ಬಳಕೆಯನ್ನು ಮೇ ತಿಂಗಳಿನದಕ್ಕೆ ಹೋಲಿಸಿದರೆ ನೀವು ಅಳೆದದ್ದು ಬಿಸಿಲನ್ನು. ಒಪ್ಪಿತ ವಿಧಾನವೆಂದರೆ ಒಂದು ದಿನ ಸಾಮಾನ್ಯ ವೋಲ್ಟೇಜ್, ಮರುದಿನ ಇಳಿಸಿದ ವೋಲ್ಟೇಜ್, ಹೀಗೆ ಹಲವು ವಾರ ಬದಲಾಯಿಸುತ್ತ ಹೋಗುವುದು. ವಾರದಲ್ಲಿ ಏಳು ದಿನ ಇರುವುದರಿಂದ ಸೋಮವಾರವೂ ಭಾನುವಾರವೂ ಎರಡೂ ಗುಂಪಿಗೆ ಸಮನಾಗಿ ಬೀಳುತ್ತವೆ. ಫೀಡರಿನ ಬುಡದಲ್ಲಿ ಪ್ರತಿ 15 ನಿಮಿಷದ ಕಿಲೊವ್ಯಾಟ್, ವೋಲ್ಟೇಜ್ ಮತ್ತು ಆ ದಿನದ ತಾಪಮಾನ ದಾಖಲಿಸಿ. ವಿದ್ಯುತ್ ಕಡಿತವಾದ ದಿನ, ಜಾತ್ರೆಯ ದಿನ, ಬೇರೆ ಫೀಡರಿನ ಹೊರೆಯನ್ನು ಇದಕ್ಕೆ ತಿರುಗಿಸಿದ ದಿನಗಳನ್ನು ಕೈಬಿಡಿ. ಆಮೇಲೆ ತಾಪಮಾನದ ಪ್ರಭಾವವನ್ನು ಕಳೆದು ಎರಡೂ ಗುಂಪಿನ ಸರಾಸರಿಯನ್ನು ಹೋಲಿಸಿ. ಶೇ 2ರ ವ್ಯತ್ಯಾಸ ದಿನದಿನದ ಏರಿಳಿತದಲ್ಲಿ ಸುಲಭವಾಗಿ ಮುಳುಗಿಹೋಗುತ್ತದೆ, ಒಂದು ವಾರದ ಅಂಕಿ ಹಿಡಿದು ತೀರ್ಮಾನಕ್ಕೆ ಬರಬೇಡಿ.

ಮಾಳಿಗೆಯ ಸೋಲಾರ್ ಹಾಕಿಸಿದ ಮೇಲೆ ಮಧ್ಯಾಹ್ನ ನಮ್ಮ ಓಣಿಯಲ್ಲಿ ವೋಲ್ಟೇಜ್ 250 ದಾಟುತ್ತದೆ, ಇನ್ವರ್ಟರ್ ಆಗಾಗ ಆಫ್ ಆಗುತ್ತದೆ. ಏಕೆ?

ವಿದ್ಯುತ್ ಟಿಸಿಯಿಂದ ಮನೆಗೆ ಹರಿಯುವಾಗ ವೋಲ್ಟೇಜ್ ದಾರಿಯಲ್ಲಿ ಇಳಿಯುತ್ತದೆ. ಮನೆಯಿಂದ ಟಿಸಿಗೆ ಹರಿಯುವಾಗ ಮನೆಯ ಕಡೆಯೇ ಏರುತ್ತದೆ. ಬುಡದಲ್ಲಿ ಮೊದಲೇ 245 ಇಟ್ಟಿದ್ದರೆ ಸೋಲಾರಿಗೆ ಏರಲು ಜಾಗವಿಲ್ಲ, ಇನ್ವರ್ಟರ್ ತನ್ನನ್ನು ಕಾಪಾಡಿಕೊಳ್ಳಲು ನಿಲ್ಲುತ್ತದೆ, ನಿಮ್ಮ ಬಿಸಿಲು ವ್ಯರ್ಥವಾಗುತ್ತದೆ. ಹಗಲಿನಲ್ಲಿ ಟ್ಯಾಪನ್ನು ಒಂದೆರಡು ಮೆಟ್ಟಿಲು ಇಳಿಸುವುದರಿಂದ ಮನೆಗಳ ಬಳಕೆಯೂ ಇಳಿಯುತ್ತದೆ, ಸೋಲಾರಿಗೂ ಜಾಗ ಸಿಗುತ್ತದೆ. ಈಗಿನ ಹಲವು ಇನ್ವರ್ಟರುಗಳು ವಾರ್ ಹೀರಿಕೊಂಡು ವೋಲ್ಟೇಜ್ ತಗ್ಗಿಸಲೂ ಬಲ್ಲವು. ಆ ಸೌಲಭ್ಯವನ್ನು ಚಾಲೂ ಮಾಡಿಟ್ಟಿರಬೇಕು ಅಷ್ಟೇ.

ಮಾರಾಟ ಕಡಿಮೆಯಾದರೆ ವಿದ್ಯುತ್ ಕಂಪನಿಗೆ ನಷ್ಟವಲ್ಲವೇ? ಅವರೇಕೆ ಇದನ್ನು ಮಾಡುತ್ತಾರೆ?

ಒಳ್ಳೆಯ ಪ್ರಶ್ನೆ, ಬೇರೆ ದೇಶಗಳಲ್ಲೂ ಈ ವಿಧಾನ ದಶಕಗಳ ಕಾಲ ಕುಂಟುತ್ತ ಸಾಗಲು ಇದೇ ಒಂದು ಕಾರಣ. ಹೆಚ್ಚು ದರ ಕೊಡುವ ವಾಣಿಜ್ಯ ಗ್ರಾಹಕರ ಬಳಕೆ ಇಳಿದರೆ ಕಂಪನಿಯ ಆದಾಯ ಇಳಿಯುವುದು ನಿಜ. ಆದರೆ ತಂತಿ ಮತ್ತು ಟಿಸಿಯ ನಷ್ಟ ಇಳಿದರೆ ಅದು ಪೂರ್ತಿ ಕಂಪನಿಯ ಲಾಭ. ಸಂಜೆಯ ಹೊತ್ತು ದುಬಾರಿ ಬೆಲೆಗೆ ವಿದ್ಯುತ್ ಕೊಳ್ಳುವಾಗ ಪ್ರತಿ ಯೂನಿಟ್ ಉಳಿತಾಯವೂ ಲಾಭವೇ. ದರ ನಿಗದಿ ಮಾಡುವ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಈ ಉಳಿತಾಯವನ್ನು ಕಂಪನಿಯ ಖಾತೆಯಲ್ಲಿ ಮಾನ್ಯ ಮಾಡುವಂತಾದರೆ ತೊಡಕು ಬಹುಪಾಲು ಬಿಡಿಸಿದಂತೆ.

ನಿಮ್ಮ ಕೈಗೆ ಬಿಟ್ಟರೆ ನಮ್ಮ ಮೂರು ಜಿಲ್ಲೆಗಳಲ್ಲಿ ಎಲ್ಲಿಂದ ಆರಂಭಿಸುತ್ತೀರಿ?

ಬೆಳಗಾವಿ ನಗರ, ಬಾಗಲಕೋಟೆಯ ನವನಗರ, ವಿಜಯಪುರ ನಗರದ ಗಿಡ್ಡ ಫೀಡರುಗಳಿಂದ. ಉದಾಹರಣೆಗೆ ಸರಾಸರಿ 3 ಮೆಗಾವ್ಯಾಟ್ ಹೊರೆಯ ಒಂದು ಫೀಡರ್ ವರ್ಷಕ್ಕೆ ಸುಮಾರು 2.63 ಕೋಟಿ ಯೂನಿಟ್ ಸಾಗಿಸುತ್ತದೆ. ಅಲ್ಲಿ ವೋಲ್ಟೇಜನ್ನು ಶೇ 3 ಇಳಿಸಿ, ಸಿವಿಆರ್ ಅನುಪಾತ 0.7 ಎಂದು ಹಿಡಿದರೆ ಐದೂವರೆ ಲಕ್ಷ ಯೂನಿಟ್ ಉಳಿಯುತ್ತದೆ. ಹೊಸ ಕಂಬವೂ ಬೇಡ, ಹೊಸ ತಂತಿಯೂ ಬೇಡ. ಎರಡನೆಯ ಸುತ್ತಿನಲ್ಲಿ ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ ಮಾರ್ಗದಿಂದ ಬೇರ್ಪಡಿಸಿದ ಹಳ್ಳಿಗಳ ಮನೆಯ ಫೀಡರುಗಳು. ಜಮಖಂಡಿ, ಮುಧೋಳ, ಅಥಣಿ, ರಾಯಬಾಗ ಸೀಮೆಯ ಪಂಪ್‌ಸೆಟ್ ಫೀಡರುಗಳಲ್ಲಿ ಇಳಿಸುವ ಮಾತನ್ನೇ ಎತ್ತುವುದಿಲ್ಲ. ಅಲ್ಲಿ ಸಣ್ಣ ಟಿಸಿ, ದಪ್ಪ ತಂತಿ, ಕೆಪಾಸಿಟರ್, ಫೇಸುಗಳ ಸಮತೋಲನ ಇವೇ ಕೆಲಸ.

ಬೇಸಿಗೆಯಲ್ಲಿ ವಿದ್ಯುತ್ ಕೊರತೆಯಾದಾಗ ಲೋಡ್‌ಶೆಡ್ಡಿಂಗ್ ಬದಲು ಎಲ್ಲರಿಗೂ ವೋಲ್ಟೇಜ್ ಸ್ವಲ್ಪ ಇಳಿಸಬಹುದಲ್ಲ?

ಬಹುದು, ಬ್ರಿಟನ್ನಿನಲ್ಲಿ ಕೊರತೆಯ ತುರ್ತಿಗೆ ವೋಲ್ಟೇಜನ್ನು ಶೇ 3, ಆಮೇಲೆ ಶೇ 6 ಇಳಿಸುವ ಹಂತಗಳನ್ನು ನಿಯಮದಲ್ಲೇ ಇಟ್ಟಿದ್ದಾರೆ. ಮೊದಲ ಅರ್ಧ ಗಂಟೆಯಲ್ಲಿ ಫಲ ಚೆನ್ನಾಗಿರುತ್ತದೆ. ಹೊತ್ತು ಹೋದಂತೆ ಫ್ರಿಜ್, ಗೀಸರುಗಳು ಹೆಚ್ಚು ಕಾಲ ಚಾಲೂ ಇದ್ದು ಆ ಲಾಭದ ಒಂದು ಪಾಲನ್ನು ತಿಂದುಹಾಕುತ್ತವೆ. ಆದ್ದರಿಂದ ಸಂಜೆಯ ಒಂದೆರಡು ಗಂಟೆಯ ಏರಿಕೆಯನ್ನು ದಾಟಲು ಇದು ಒಳ್ಳೆಯ ಉಪಾಯ, ಇಡೀ ದಿನದ ಕೊರತೆ ತುಂಬಲು ಅಲ್ಲ. ತುದಿಯಲ್ಲಿ 225 ಇರುವ ನಗರದ ಫೀಡರಿನಲ್ಲಿ ಶೇ 3 ಇಳಿಸಿದರೂ 218 ಉಳಿಯುತ್ತದೆ. ತುದಿಯಲ್ಲಿ 204 ಇರುವ ಕಡೆ ಇದನ್ನು ಮಾಡಿದರೆ ಮರುದಿನ ರಿವೈಂಡಿಂಗ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತದೆ.